ಹತ್ತು ಸಾವಿರ ಹೆಜ್ಜೆಯ ಮಂಗಳಾರತಿ

ಕೈಗೆ ಕಟ್ಟಿದ ವಾಚು ಚನ್ನಕೇಶವನ ತಲೆಗೆ ಹತ್ತಿ ಕೂತಿತ್ತು. ಗೋವಿಂದರಾಜನಗರದ ಬಕೆಟ್ ಕಾರ್ಖಾನೆಯ ಮಾಲೀಕ ಸೇತುರಾಮ, ಸಿಬ್ಬಂದಿ ತಮ್ಮ ಆರೋಗ್ಯವನ್ನೂ ಕೆಲಸವನ್ನೂ ತಾವೇ ನಿಭಾಯಿಸಲಿ ಎಂದು ಎಲ್ಲರಿಗೂ ಸ್ಮಾರ್ಟ್ ವಾಚು ಹಂಚಿದ್ದರು. ಈ ಶುಕ್ರವಾರ ಹತ್ತು ಸಾವಿರ ಹೆಜ್ಜೆ ಮೊದಲು ಮುಟ್ಟಿದವರು ಇನ್ನು ಆರು ತಿಂಗಳು ಒಂಬತ್ತರ ಬದಲು ಹತ್ತೂವರೆಗೆ ಬರಬಹುದು!

ಬೆಳಗಿನ ನಿದ್ದೆಗಾಗಿ ಚನ್ನಕೇಶವ ಆಸ್ತಿಯನ್ನೇ ಬರೆದುಕೊಟ್ಟಾನು. ಆದರೆ ಕುರ್ಚಿಗೂ ಅವನಿಗೂ ಹಲಸಿನ ಮೇಣದ ಅಂಟು.

"ಏನ್ ಸಾರ್, ಮಧ್ಯಾಹ್ನ ಆಯ್ತು, ಇನ್ನೂ ನಾನೂರೇನಾ?" ಪಕ್ಕದ ಮೇಜಿನ ಲತಾ ಮೆಟ್ಟಿಲು ಹತ್ತಿಳಿಯುತ್ತಲೇ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಿದ್ದಳು. "ನಂದು ಆರು ಸಾವಿರ ದಾಟ್ತು. ನಿಮ್ಮ ವಾಚಿಗೂ ನಿದ್ದೆ ಬಂದಿರ್ಬೇಕು!"

ಅಷ್ಟರಲ್ಲಿ ಶುಕ್ರವಾರದ ಪೂಜೆ ಶುರುವಾಯಿತು. ಗಂಟೆ ಬಾರಿಸುವ ಕೆಲಸ ಚನ್ನಕೇಶವನ ಪಾಲಿಗೆ ಬಂತು. ಮಂಗಳಾರತಿ ಮುಗಿದು ವಾಚು ನೋಡುತ್ತಾನೆ, ಸಾವಿರದ ಇನ್ನೂರು! ಕೈ ಆಡಿದ್ದನ್ನೆಲ್ಲ ಅದು ಹೆಜ್ಜೆಯೆಂದೇ ಎಣಿಸಿತ್ತು.

"ಸಾರ್, ಒಂದೇ ಮಂಗಳಾರತಿ ಸಾಕಾ? ಒಂದೊಂದು ಮೆಷಿನ್ನಿಗೂ ಆಗ್ಲಿ!" ಚನ್ನಕೇಶವ ಮಾಲೀಕರತ್ತ ತಿರುಗಿದ.

"ಆಹಾ, ಎಂಥ ಭಕ್ತಿ ರೀ!" ಸೇತುರಾಮ ಕರಗಿಹೋದರು.

ಏಳು ಮೆಷಿನ್ನು ಮುಗಿದವು. ಹೊರಗಿನ ಟೆಂಪೊ, ತಕ್ಕಡಿ, ಜೆರಾಕ್ಸ್ ಮುಗಿದವು. ಕರ್ಪೂರ ಮುಗಿಯಿತು, ಗಂಟೆ ಮುಗಿಯಲಿಲ್ಲ.

"ಸಾರ್, ವಾಟರ್ ಫಿಲ್ಟರ್‌ಗೂನಾ?" ಲತಾ ಅವನನ್ನು ಕೇಳಿದಳು.

"ಗಂಗಮ್ಮ ಅಲ್ವೇನಮ್ಮಾ!"

ನಾಲ್ಕೂವರೆಗೆ ಲತಾ ಒಂಬತ್ತು ಸಾವಿರದ ಒಂಬೈನೂರು, ಚನ್ನಕೇಶವ ಒಂಬತ್ತು ಸಾವಿರದ ಎಂಟುನೂರು. ಅವಳು ಮೆಟ್ಟಿಲಿಗೆ ಓಡಿದಳು. ಅವನು ಆ ಮೆಟ್ಟಿಲ ಕೆಳಗೇ ನಿಂತು ಢಣಢಣ ಬಾರಿಸಿದ. ಇಡೀ ಕಾರ್ಖಾನೆ ಮತ್ತೆ ಎದ್ದು ಕೈಮುಗಿಯಿತು. ಲತಾಳ ಕಾಲೂ ನಿಂತಿತು.

"ಸಾರ್, ಇದು ಮೋಸ!" ಅವಳು ಕೈಮುಗಿದುಕೊಂಡೇ ಹಲ್ಲು ಕಡಿದಳು.

"ಮಂಗಳಾರತಿ ಹೊತ್ತಲ್ಲಿ ಓಡಾಡಬಾರ್ದು ಕಣಮ್ಮಾ."

ಹತ್ತು ಸಾವಿರ! ವಾಚು ಕುಣಿಯಿತು, ಚನ್ನಕೇಶವನೂ ಕುಣಿದ.

ಸೇತುರಾಮ ಫೋನು ಹಿಡಿದು ಓಡಿಬಂದರು. "ಬಹುಮಾನ ನಿಮ್ದೇ ಕಣ್ರೀ! ಇಲ್ನೋಡಿ, ಎಲ್ಲರ ವಾಚಿನ ಲೆಕ್ಕ ನನ್ನ ಫೋನಿಗೇ ಬರತ್ತೆ. ನೀವು ಗಂಟೆ ಬಾರಿಸ್ದಾಗೆಲ್ಲ ಅಷ್ಟೂ ಜನ ಎದ್ದು ನಿಂತಿದಾರೆ, ಎಲ್ಲರ ಟೆನ್ಶನ್ ಇಳಿದಿದೆ. ನಾಳೆಯಿಂದ ಹತ್ತೂವರೆಗೆ ಕೆಲಸಕ್ಕೆ ಬನ್ನಿ."

ಚನ್ನಕೇಶವನ ಕಣ್ಣೆದುರು ಹಾಸಿಗೆ ತೇಲಿತು.

"ಪೂಜೆ ಮಾತ್ರ ದಿನಾ ಬೆಳಗ್ಗೆ ಆರಕ್ಕೇ, ಫಸ್ಟ್ ಶಿಫ್ಟಿನವರ ಜೊತೆ. ಗಂಟೆ ನೀವೇ ಬಾರಿಸ್ಬೇಕು. ನಿಮ್ಮಂಥ ಭಕ್ತರು ಇನ್ನೆಲ್ಲಿ ಸಿಕ್ತಾರೆ!"

ವಾಚು ಗುಂಯ್ ಎಂದಿತು. ಲತಾ ಬಗ್ಗಿ ಓದಿದಳು. "ಒತ್ತಡ ಜಾಸ್ತಿ ಆಗಿದೆಯಂತೆ. ಉಸಿರು ಎಳ್ಕೊಳ್ಳಿ ಸಾರ್, ನಿಧಾನವಾಗಿ!"