ನಮ್ಮ ಭಾವನ ಹನ್ನೊಂದು ನಿಮಿಷ

ಕೆಲಸ ಮಾಡದೆ ಸಂಬಳ ತೆಗೆದುಕೊಂಡವರನ್ನು ನೀವು ಬೇಕಾದಷ್ಟು ಜನ ನೋಡಿರುತ್ತೀರಿ. ಆದರೆ ಅದಕ್ಕಾಗಿ ಮೈಮೇಲೆ ಇಪ್ಪತ್ತು ಕಿಲೋ ಸರಂಜಾಮು ಹೊತ್ತು, ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ಮೂರು ವರ್ಷ ಬೆಂಚಿನ ಮೇಲೆ ಕೂತವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮಕ್ಕ ಅವರನ್ನೇ ಮದುವೆಯಾಗಿದ್ದಾಳೆ!

ಭಾವ ಜಪಾನಿನವರು, ಉತ್ತರದ ಹೊಕ್ಕೈಡೊ ಕಡೆಯವರು. ಐಸ್ ಹಾಕಿಯಲ್ಲಿ ಗೋಲ್‌ಕೀಪರ್. ಹೈಸ್ಕೂಲಿನಲ್ಲಿದ್ದಾಗ ಪತ್ರಿಕೆಯವರು ಬಂದು ಫೋಟೊ ತೆಗೆದುಕೊಂಡು ಹೋಗಿದ್ದರಂತೆ. ಈ ಹುಡುಗ ದೇಶಕ್ಕೇ ಆಡುತ್ತಾನೆ ಎಂದು ಊರಿಗೆ ಊರೇ ನಂಬಿತ್ತಂತೆ. ಸೇರಿದ್ದು ಒಂದು ಕಂಪನಿ ತಂಡಕ್ಕೆ, ಅದೂ ಎರಡನೇ ಕೀಪರ್ ಆಗಿ. ಮೊದಲನೆಯವನಿಗೆ ಏನಾದರೂ ಆಗುವವರೆಗೆ ಎರಡನೆಯವನಿಗೆ ಕೆಲಸವಿಲ್ಲ. ಆ ಪುಣ್ಯಾತ್ಮನೋ, ಮೂರು ವರ್ಷದಲ್ಲಿ ಒಂದು ನೆಗಡಿಯನ್ನೂ ಮಾಡಿಕೊಳ್ಳಲಿಲ್ಲ! ಕೊನೆಗೊಂದು ದಿನ ಅವನ ಮಂಡಿ ಉಳುಕಿತು, ಭಾವನನ್ನು ಕರೆದರು. ಹನ್ನೊಂದು ನಿಮಿಷ ಆಡಿದರು. ನಾಲ್ಕು ಗೋಲು ಒಳಗೆ ಹೋದವು. ಮರುವರ್ಷ ತಂಡವನ್ನೇ ಮುಚ್ಚಿದರು.

ಮೈಸೂರಿನಲ್ಲಿರುವ ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ವಿವರಿಸುವಷ್ಟರಲ್ಲಿ ಅಕ್ಕನಿಗೆ ಸಾಕುಸಾಕಾಯಿತು.

"ಅಲ್ವೇ, ಓಡೋದು ಬೇಡ್ವಾ?"

"ಬೇಡಮ್ಮ. ಒಂದು ಕಡೆ ನಿಂತ್ಕೊಂಡು ಬಂದಿದ್ದನ್ನೆಲ್ಲ ತಡೀಬೇಕು, ಅಷ್ಟೆ."

"ಒಳ್ಳೇ ಕೆಲ್ಸಾನೇ ಅಲ್ವೇನೇ! ಬಿಟ್ಟಿದ್ದ್ಯಾಕಂತೆ?"

ಬಿಟ್ಟಿದ್ದೆಲ್ಲಿ ಬಂತು? ನಗೋಯಾಗೆ ಬಂದು ಸೇರಿದ್ದು ಕಾರಿನ ಬ್ರೇಕ್ ಮಾಡುವ ಕಾರ್ಖಾನೆಗೆ! ಅಲ್ಲಿ ಎಂಜಿನಿಯರ್ ಆಗಿದ್ದ ನಮ್ಮಕ್ಕನ ಪರಿಚಯವಾಯಿತು, ಅವಳಿಂದ ಕನ್ನಡವೂ ಬಂತು. ತಡೆಯುವ ಚಟ ಮಾತ್ರ ಹೋಗಲಿಲ್ಲ. ಅಡುಗೆಮನೆಯಲ್ಲಿ ಲೋಟ ಜಾರಿದರೆ ಸಾಕು, ಹಾಲ್‌ನ ಸೋಫಾದಲ್ಲಿ ಕೂತಿದ್ದ ಮನುಷ್ಯ ಹಾರಿ ಬಂದು ಅದರ ಕೆಳಗೆ ಬಿದ್ದಿರುತ್ತಿದ್ದರು. ಲೋಟ ಸ್ಟೀಲಿನದು, ಅದಕ್ಕೇನೂ ಆಗುತ್ತಿರಲಿಲ್ಲ. ಭಾವನ ಮೊಣಕೈಗೆ ವಾರಗಟ್ಟಲೆ ಪಟ್ಟಿ.

ಆಮೇಲೆ ಕೊರೊನಾ ಬಂತು. ಅದೇ ಹೊತ್ತಿಗೆ, ಮದುವೆಯಾಗಿ ಒಂಬತ್ತು ವರ್ಷಕ್ಕೆ, ಎರಡು ಸಲ ಹೊಟ್ಟೆಯಲ್ಲೇ ಕಳೆದುಕೊಂಡ ಮೇಲೆ, ಅಕ್ಕ ಮತ್ತೆ ಬಸುರಿಯಾದಳು. ಇನ್ನು ಕೇಳಬೇಕೇ! ಭಾವ ಮನೆಬಾಗಿಲನ್ನೇ ಗೋಲ್ ಮಾಡಿಕೊಂಡರು. ನಾನೂ ಆಗ ನಗೋಯಾದಲ್ಲೇ, ಅವರ ಮನೆಯಿಂದ ಎರಡೇ ಸ್ಟೇಷನ್ ಆಚೆ ಇದ್ದೆ. ಬಿಸಿಬೇಳೆಬಾತ್ ಮಾಡಿಕೊಂಡು ಹೋದರೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ ಬಾಗಿಲಲ್ಲಿ ನಿಂತಿರುತ್ತಿದ್ದರು.

"ಸುಮಿಮಾಸೆನ್, ಕ್ಷಮಿಸು. ಡಬ್ಬಿ ಒಳಗೆ, ನೀನು ಹೊರಗೆ."

"ಭಾವ, ನಾನು ಅವಳ ಸ್ವಂತ ತಂಗಿ!"

"ವೈರಸ್‌ಗೆ ಗೊತ್ತಾ?"

ಆಮೇಲೆ ಡಬ್ಬಿಗೆ ಸ್ಯಾನಿಟೈಸರ್ ಅಭಿಷೇಕ. ಒಂದು ಸಲ ನಾನು ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. "ಇವತ್ತು ಏನೇ ಹಾಕಿದೀಯ? ಬಾತ್ ಆಪರೇಷನ್ ಥಿಯೇಟರ್ ವಾಸನೆ ಹೊಡೀತಿದೆ" ಎಂದು ಅಕ್ಕ ಫೋನ್ ಮಾಡಿದಳು.

ಸೀಮಂತಕ್ಕೆ ಅಮ್ಮ ಬರುವ ಹಾಗಿರಲಿಲ್ಲ. ಜಪಾನು ಹೊರಗಿನವರಿಗೆ ಬಾಗಿಲು ಹಾಕಿತ್ತು. ಹೀಗಾಗಿ ಅಮ್ಮ ಲ್ಯಾಪ್‌ಟಾಪಿನೊಳಗೆ ಕೂತು ಅಪ್ಪಣೆ ಕೊಡುವುದು, ನಾನು ಮಾಡುವುದು. ಟೆಸ್ಟ್ ಮಾಡಿಸಿ, ಎರಡು ಮಾಸ್ಕ್ ಹಾಕಿಸಿ ಭಾವ ನನ್ನನ್ನು ಒಳಗೆ ಬಿಟ್ಟರು. ಹಸಿರು ಬಳೆ ತೊಡಿಸಿದೆ, ಹೂ ಮುಡಿಸಿದೆ, ಆರತಿ ಎತ್ತಿದೆ. "ಈಗ ಅಕ್ಷತೆ ಹಾಕೇ" ಎಂದರು ಅಮ್ಮ. ಅಕ್ಷತೆ ಎಂದರೇನೆಂದು ಭಾವನಿಗೆ ಹೇಳಲು ಯಾರಿಗೂ ಹೊಳೆದಿರಲಿಲ್ಲ. ಇವರ ಮದುವೆ ಸರ್ಕಾರಿ ಕಚೇರಿಯಲ್ಲಿ ಕಾಗದಕ್ಕೆ ಮೊಹರು ಒತ್ತಿ ಮುಗಿದಿತ್ತು. ಬಸುರಿ ಹೆಂಡತಿಯ ಮೇಲೆ ನಾನು ಮುಷ್ಟಿಯೆತ್ತಿ ಏನೋ ಎಸೆದದ್ದಷ್ಟೇ ಅವರಿಗೆ ಕಂಡದ್ದು!

ಹಾರಿದರು ನೋಡಿ! ಎಡಗೈ ಮೇಲೆ, ಬಲಗೈ ಕೆಳಗೆ, ಎದೆ ನಡುವೆ. ಒಂದೇ ಒಂದು ಕಾಳು ಅಕ್ಕನನ್ನು ಮುಟ್ಟಲಿಲ್ಲ.

"ಅಯ್ಯೋ ಅಳಿಯಂದ್ರೇ! ಅದು ಆಶೀರ್ವಾದ ಕಣ್ರೀ, ತಡೀಬೇಡಿ!" ಲ್ಯಾಪ್‌ಟಾಪಿನೊಳಗಿಂದ ಅಮ್ಮ ಕಿರುಚಿದರು.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾವ ಕಿವಿಯವರೆಗೂ ಕೆಂಪಾಗಿ, ನೆಲದ ಮೇಲಿನ ಕಾಳನ್ನು ಒಂದೊಂದಾಗಿ ಆರಿಸಿ ತಾವೇ ಅವಳ ತಲೆಯ ಮೇಲಿಟ್ಟರು. ಸೋಫಾದ ಕೆಳಗೆ ಹೋದದ್ದನ್ನೂ ಬಿಡಲಿಲ್ಲ. ಅಷ್ಟೂ ಹೊತ್ತು ಅಕ್ಕ ತಲೆ ಅಲ್ಲಾಡಿಸದೆ ಕೂತಿದ್ದಳು.

ಹೆರಿಗೆಯ ದಿನ ಆಟ ತಿರುಗಿಬಿತ್ತು. ಗಂಡಂದಿರನ್ನು ಆಸ್ಪತ್ರೆಯೊಳಗೆ ಬಿಡುತ್ತಿರಲಿಲ್ಲ. ಭಾವನ ಭುಜಕ್ಕೂ ಬಾರದ ನರ್ಸಮ್ಮ ಬಾಗಿಲಲ್ಲಿ ಕೈ ಅಡ್ಡ ಹಿಡಿದಳು. ಇವರು ಬಗ್ಗಿ ನಮಸ್ಕರಿಸಿ ಕಾರಿಗೆ ವಾಪಸ್ಸಾದರು. ನಾನು ಹೋದಾಗ ಮಧ್ಯಾಹ್ನ. ಅವರು ಕಾರಿನೊಳಗೆ, ನಾನು ಕಿಟಕಿಯಾಚೆ. ಅಷ್ಟರಲ್ಲಿ ಫೋನ್ ಬಂತು. ಮಗುವಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಆಪರೇಷನ್ ಮಾಡಬೇಕು, ಒಪ್ಪಿಗೆಯೇ? ಫೋನಿನಲ್ಲೂ ಬಗ್ಗಿ ಬಗ್ಗಿ ನಮಸ್ಕರಿಸುವ ಜನ ಇವರು. ಭಾವ ಬಗ್ಗಿದರು, ಹಣೆ ಸ್ಟೀರಿಂಗಿಗೆ ತಗುಲಿ ಹಾರ್ನ್ ಬಡಿದುಕೊಂಡಿತು. ಮತ್ತೆ ಬಗ್ಗಿದರು, ಮತ್ತೆ ಹಾರ್ನ್. ನನಗೆ ನಗು ಬರಲಿಲ್ಲ.

"ಮೂರು ವರ್ಷ ಕಾದೆ" ಎಂದರು ಫೋನಿಟ್ಟು. "ಕರೆದಾಗ ಕೈ ನಡುಗಿತು. ನಾಲ್ಕನ್ನೂ ತಡೀಬಹುದಿತ್ತು. ಈಗ ಕರೆಯೋದೂ ಇಲ್ಲ. ಅವಳು ಒಬ್ಬಳೇ ಒಳಗಿದಾಳೆ."

ಆ ಹನ್ನೊಂದು ನಿಮಿಷದ ಕಥೆ ಹೇಳಿ ನಾನು ಎಷ್ಟು ಜನರನ್ನು ನಗಿಸಿದ್ದೆನೋ! ಅವತ್ತು ಅವರ ಮುಖ ನೋಡಲಾಗದೆ ನಾಚಿಕೆಯಾಯಿತು.

ನಲವತ್ತು ನಿಮಿಷಕ್ಕೆ ಮತ್ತೆ ಫೋನ್ ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಭಾವ ಮಾಸ್ಕಿನೊಳಗೇ ಅತ್ತರು.

ಎಂಟನೇ ದಿನ ಮನೆಗೆ ಕಳಿಸಿದರು. ಕರೆತರಲು ಭಾವನ ಜೊತೆ ನಾನೂ ಹೋಗಿದ್ದೆ. ಆಸ್ಪತ್ರೆಯ ಬಾಗಿಲ ಹತ್ತಿರ ಅಕ್ಕ ಹೊಟ್ಟೆಗೆ ಕೈ ಒತ್ತಿಕೊಂಡು ಮೆಲ್ಲಗೆ ಬಂದಳು. ನರ್ಸಮ್ಮ ಮಗುವನ್ನು ಭಾವನ ಕಡೆ ನೀಡಿದಳು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಕಡೆ ತಿರುಗಿದರು.

"ನೀನು ತಗೋ. ಬೇಕಾದ ಹೊತ್ತಲ್ಲೇ ನನ್ನ ಕೈ ನಡುಗುತ್ತೆ."

"ನಡುಗ್ಲಿ ಬಿಡು" ಎಂದಳು ಅಕ್ಕ. "ಎಂಟು ದಿನದಿಂದ ನನ್ನ ಕೈಯೂ ನಡುಗ್ತಾನೇ ಇದೆ. ಹಾಗೇ ಎತ್ಕೊಂಡಿಲ್ವಾ? ತಗೋ."

ಭಾವ ಮಗುವನ್ನು ಎತ್ತಿಕೊಂಡರು. ಕೈ ನಡುಗುತ್ತಲೇ ಇತ್ತು. ಮಗುವಿಗೆ ಎಚ್ಚರವಾಗಲಿಲ್ಲ.