ರಮ್ಮಿ ಬಿಲ್ಲೆಗಳ ಜೀರ್ಣೋದ್ಧಾರ

ಬಟ್ಟೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ! ತಾತನ ಕಾಲದಿಂದ ಚೌಕಿಪೇಟೆಯಲ್ಲಿ ಕುಪ್ಪಸದ ಖಣ ಮಾರುವ ಮನೆತನ ನಮ್ಮದು. ನನ್ನ ಕಣ್ಣು ಕಟ್ಟಿ ಕೈಗೊಂದು ತುಂಡು ಕೊಡಿ. ಅದು ಇಳಕಲ್ಲಿನದೋ, ಗುಳೇದಗುಡ್ಡದ್ದೋ, ಸೂರತ್ತಿನಿಂದ ಬಂದು ಗುಳೇದಗುಡ್ಡದ ಹೆಸರು ಹೇಳಿಕೊಂಡು ತಿರುಗುತ್ತಿರುವುದೋ, ಬೆರಳಲ್ಲೇ ಹೇಳಿಬಿಡುತ್ತೇನೆ. ಇಂಥ ಮಹಾಂತೇಶನಾದ ನಾನು ಹೋದ ತಿಂಗಳ ಒಂದು ಶನಿವಾರ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ನಡುಮನೆಯಲ್ಲಿ ನಿಂತು, "ಇವತ್ತು ಮಾವನ ಬಿಲ್ಲೆಗಳಿಗೆ ಹೊಸ ಜನ್ಮ ಕೊಡ್ತೀನಿ" ಎಂದು ಘೋಷಿಸಿದೆ.

ನನ್ನ ಹೆಂಡತಿ ಉಮಾಮಹೇಶ್ವರಿ ಟೀಚರು. ಶನಿವಾರದ ಬೆಳಗಿನ ಶಾಲೆಗೆ ಹೊರಟವಳು ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದಳು. "ಹೋದ ಸಲ ಮಿಕ್ಸಿಗೆ ಹೊಸ ಜನ್ಮ ಕೊಟ್ರಲ್ಲ, ಅದು ಇನ್ನೂ ಹುಟ್ಟಿಲ್ಲ. ಇವನ್ನ ಒರೆಸಿ ಇಡ್ರಿ, ಅಷ್ಟು ಸಾಕು. ಬ್ಯಾರೆ ಏನಾದ್ರೂ ಮಾಡೋದಿದ್ರೆ ಅಪ್ಪನ್ನ ಒಂದು ಮಾತು ಕೇಳ್ರಿ."

ಕೇಳಿದರೆ ಅಚ್ಚರಿ ಎಲ್ಲಿ ಉಳಿಯುತ್ತದೆ? ನಾನು ಹೂಂ ಎಂದೆ. ಗಂಡಂದಿರ ಹೂಂಗೆ ಎಷ್ಟು ಅರ್ಥವಿರುತ್ತದೋ ಅಷ್ಟೇ ಅರ್ಥ ಅದಕ್ಕಿತ್ತು.

ಬಿಲ್ಲೆಗಳೆಂದರೆ ಪೋಕರ್ ಬಿಲ್ಲೆಗಳು. ಇಂಗ್ಲಿಷ್ ಸಿನಿಮಾಗಳಲ್ಲಿ ಜೂಜುಕೋರರು ಮುಂದೆ ಗೋಪುರ ಕಟ್ಟಿಟ್ಟುಕೊಂಡು ಹುಬ್ಬು ಗಂಟಿಕ್ಕುತ್ತಾರಲ್ಲ, ಅವೇ. ಜೇಡಿಮಣ್ಣಿನವು, ಎರಡು ಬೆರಳ ನಡುವೆ ಹಿಡಿದರೆ ತಣ್ಣಗೆ ತೂಕವಾಗಿರುತ್ತವೆ. ಒಂದು ಮಗ್ಗುಲಲ್ಲಿ ದುಂಡಗೆ ತಗ್ಗು, ಆ ತಗ್ಗಿನಲ್ಲಿ ಬೆಲೆ ತೋರಿಸುವ ಲೇಬಲ್ಲು. ಮಾವ ಕೊಟ್ಟೂರಪ್ಪನವರು ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗ ಅಲ್ಲಿನ ಆಫೀಸರುಗಳ ಕ್ಲಬ್ಬು ಮುಚ್ಚಿತು. ಮಿಕ್ಕವರು ಕುರ್ಚಿ, ಫ್ಯಾನು ಹೊತ್ತೊಯ್ದರೆ ಮಾವ ಈ ಬಿಲ್ಲೆಗಳ ಪೆಟ್ಟಿಗೆಯನ್ನು ತಂದರು. ಪೋಕರ್ ಅವರಿಗೂ ಬರುತ್ತಿರಲಿಲ್ಲ, ನಮಗೂ ಬರುವುದಿಲ್ಲ. ಆಡುತ್ತಿದ್ದದ್ದು ರಮ್ಮಿ, ಪ್ರತಿ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಹರಿಹರದ ಮನೆಯ ಪಡಸಾಲೆಯಲ್ಲಿ. ದುಡ್ಡು ಕಟ್ಟುವ ಮಾತೇ ಇಲ್ಲ. ಯಾರ ಮುಂದೆ ಬಿಲ್ಲೆ ಹೆಚ್ಚೋ ಅವರಿಗೆ ಬಾಣಲೆಯಿಂದ ಎದ್ದ ಮೊದಲ ಮಿರ್ಚಿ ಬಜ್ಜಿ.

ಗೆಲ್ಲುತ್ತಿದ್ದದ್ದು ಅತ್ತೆ ಕಸ್ತೂರಮ್ಮ. ಯಾಕೆಂದರೆ ಅವರು ಸೋಲುವ ಹೊತ್ತಿಗೆ ಸರಿಯಾಗಿ ಬಿಲ್ಲೆಗಳು ಅವರ ಸೆರಗಿನಡಿ ಮರಿ ಹಾಕುತ್ತಿದ್ದವು. ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಗೆದ್ದ ಮಿರ್ಚಿಯನ್ನು ಅವರು ಒಂದು ದಿನವೂ ತಾವು ತಿನ್ನಲಿಲ್ಲ. ಮಂಡಕ್ಕಿಯ ಮೇಲಿಟ್ಟು ನನ್ನ ಕಡೆ ಸರಿಸಿ, "ಅಳಿಯಂದ್ರು ತಿನ್ಲಿ" ಎನ್ನುತ್ತಿದ್ದರು. ನಮ್ಮಪ್ಪ ಭಾನುವಾರವೂ ಅಂಗಡಿ ತೆರೆಯುತ್ತಿದ್ದ ಮನುಷ್ಯ. ಭಾನುವಾರ ಎಂಬ ದಿನವೊಂದಿದೆ ಎಂದು ನನಗೆ ಗೊತ್ತಾದದ್ದೇ ಮದುವೆಯಾಗಿ ಹರಿಹರಕ್ಕೆ ಹೋದಮೇಲೆ.

ಹೋದ ವರ್ಷ ಅತ್ತೆ ತೀರಿಕೊಂಡರು. ಪೆಟ್ಟಿಗೆ ಅಟ್ಟದ ಹಲಗೆ ಸೇರಿತು. ಈಗಲೂ ಭಾನುವಾರ ಹೋಗುತ್ತೇವೆ, ಉಣ್ಣುತ್ತೇವೆ. ಮಾವ ಪಡಸಾಲೆಯಲ್ಲಿ ಗೋಡೆಗೊರಗಿ ಕೂತು, ಅಂಗಿಯ ಜೇಬಿನಲ್ಲಿ ಕೈಯಿಟ್ಟುಕೊಂಡು ಬೀದಿ ನೋಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದೆ, ಬೀದಿಯೂ ಸರಿಯಾಗಿ ಕಾಣುವುದಿಲ್ಲ. ಒಂದಾಟ ಹಾಕೋಣವೇ ಎಂದು ಕೇಳಿದಾಗಲೆಲ್ಲ "ಬ್ಯಾಡ್ರಿ" ಎಂದಿದ್ದಾರೆ. ನನಗೆ ಆ ಭಾನುವಾರಗಳು ಬೇಕಾಗಿದ್ದವು. ಎಷ್ಟು ಬೇಕಾಗಿದ್ದವೆಂದರೆ, ಅಂಗಡಿಯಲ್ಲಿ ಖಣ ಅಳೆಯುತ್ತಾ ಅಳೆಯುತ್ತಾ ಮಿರ್ಚಿಯ ವಾಸನೆ ಬಂದಂತಾಗಿ ಅಳತೆ ತಪ್ಪುತ್ತಿತ್ತು.

ಬಿಲ್ಲೆ ಹೊಸದಾದರೆ ಆಟವೂ ಹೊಸದಾಗುತ್ತದೆ ಎಂಬುದು ನನ್ನ ಮಹಾಯೋಜನೆ. ಕ್ಲಬ್ಬಿನ ಕಾಗದದ ಲೇಬಲ್ಲುಗಳು ಎಂದೋ ಹರಿದುಹೋಗಿ, ಆ ತಗ್ಗುಗಳಲ್ಲಿ ಅತ್ತೆ ಬಟ್ಟೆಯ ಚೂರುಗಳನ್ನು ದುಂಡಗೆ ಕತ್ತರಿಸಿ ಅಂಟಿಸಿದ್ದರು. ಎಣ್ಣೆ, ಅರಿಶಿನ, ಬೆವರು ಕುಡಿದು ಅವು ಕಪ್ಪಗೆ ಚಕ್ಕೆಗಟ್ಟಿದ್ದವು. ಬಟ್ಟೆ ವ್ಯಾಪಾರಿಯ ಮಾವನ ಮನೆಯಲ್ಲಿ ಇಂಥ ಚಿಂದಿಯೇ? ಪೆಟ್ಟಿಗೆ ಕೇಳಿ ತಂದಾಗ ಮಾವ, "ಬರೋ ಐತಾರ ವಾಪಸ್ ತರ್ರಿ" ಎಂದಷ್ಟೇ ಹೇಳಿದ್ದರು. ಭಾನುವಾರ ಅವರ ಬಾಯಲ್ಲಿ ಐತಾರ.

ಸ್ಟಿಕ್ಕರ್ ಅಂಗಡಿಯ ಬಸವಕಿರಣನಿಂದ ಹೊಸ ಲೇಬಲ್ಲು ಮಾಡಿಸಿಟ್ಟಿದ್ದೆ. ಬರೀ ಬೆಲೆ ಹಾಕಿದರೆ ಸಾಕೆಂದಿದ್ದೆ. ಅವನ ಕೈ ಕೇಳಬೇಕಲ್ಲ! ಬೆಲೆಯ ಸುತ್ತ ಬಂಗಾರದ ಬಣ್ಣದ ಬಳ್ಳಿ, ಮೇಲೆ ಕಿರೀಟ, ಎರಡು ಕಡೆ ಸೊಂಡಿಲೆತ್ತಿದ ಆನೆ, ಕೆಳಗೆ "ಕೊಟ್ಟೂರಪ್ಪ ರಮ್ಮಿ ಬಳಗ, ಹರಿಹರ". ಕಾರ್ಪೊರೇಷನ್ ಚುನಾವಣೆಗೆ ನಿಲ್ಲಬಹುದಾದಂಥ ಬಿಲ್ಲೆ.

ಹಳೆಯದನ್ನು ಕೀಳುವ ಕೆಲಸ ಮೊಬೈಲಿನಲ್ಲಿ ನೋಡಿದಾಗ ಬಾಳೆಹಣ್ಣು ಸುಲಿದಂತಿತ್ತು. ಮೊದಲು ಬಿಸಿನೀರಿನಲ್ಲಿ ನೆನೆಹಾಕಿದೆ. ಒಂದು ಬಿಲ್ಲೆ ಎರಡು ಹೋಳಾಗಿ ಪ್ರಾಣ ಬಿಟ್ಟಿತು, ಅತ್ತೆಯ ಅಂಟು ಮಾತ್ರ ಜಗ್ಗಲಿಲ್ಲ. ಪೇಪರು ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದೆ. ಅಂಟು ಕರಗಿತು, ಕರಗಿ ಪೇಪರಿನ ಮೂಲಕ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಏರಿತು. ಅದನ್ನು ಒರೆಸಲು ಕೈಗೆ ಸಿಕ್ಕ ಬಟ್ಟೆ ಉಮಾಳ ಸೀರೆಯಾಗಿತ್ತು. ಆಮೇಲೆ ಥಿನ್ನರ್, ಆಮೇಲೆ ಬ್ಲೇಡು. ನನ್ನ ಹೆಬ್ಬೆರಳಿನಿಂದ ಒಂದಿಷ್ಟು ರಕ್ತವೂ ಸಂದಾಯವಾಯಿತು. ಅಂತೂ ಚಿಂದಿಯೆಲ್ಲ ಕಿತ್ತು ಬಂತು. ಅಷ್ಟರಲ್ಲಿ ಬೀದಿಯಲ್ಲಿ ಕಸದ ಗಾಡಿಯ ಹಾಡು ಕೇಳಿತು. ಚಿಂದಿಯನ್ನು ನಿನ್ನೆಯ ಸಾರಿನ ಹುಣಸೆ ಸಿಪ್ಪೆಯ ಜೊತೆ ಬಕೆಟ್ಟಿಗೆ ತುಂಬಿ, ಓಡಿಹೋಗಿ ಸುರಿದು ಬಂದೆ. ಸ್ವಚ್ಛ ನಗರದ ಸಜ್ಜನ ನಾಗರಿಕ!

ಮಧ್ಯಾಹ್ನ ಉಮಾ ಬಂದಾಗ ಆನೆ ಕಿರೀಟಗಳ ಗೋಪುರ ಕಟ್ಟಿಟ್ಟಿದ್ದೆ. ಲ್ಯಾಮಿನೇಷನ್ನಿನ ನುಣುಪಿಗೆ ಅದು ಅವಳ ಕಣ್ಣೆದುರೇ ಜಾರಿ ಬಿತ್ತು. ಅವಳು ಗೋಪುರ ನೋಡಲಿಲ್ಲ. ಒಂದು ಬಿಲ್ಲೆ ಎತ್ತಿ ಹೆಬ್ಬೆರಳಿನಿಂದ ಸವರಿದಳು.

"ಇದರ ಮೇಲಿಂದು ಎಲ್ಲೈತ್ರಿ?"

"ಚಿಂದೀನಾ? ಕಸದ ಗಾಡಿಗೆ."

"ಅದು ಚಿಂದಿ ಅಲ್ರಿ. ಅವ್ವನ ಕುಪ್ಪಸ."

ಅವಳು ಅಲ್ಲೇ ಕೂತಳು. ಅಪ್ಪನ ಕಣ್ಣು ಮಂಜಾದಾಗ, ಇಸ್ಪೀಟ್ ಎಲೆಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿದರೂ ನೆಲದ ಮೇಲಿನ ಬಿಲ್ಲೆಯ ಬಣ್ಣ ತಿಳಿಯದೆ ಆಟ ಬಿಡಲು ಹೊರಟಿದ್ದರಂತೆ. ಆಗ ಅವ್ವ ತನ್ನ ಹಳೆಯ ಕುಪ್ಪಸಗಳನ್ನೆಲ್ಲ ಕತ್ತರಿಸಿ ಅಂಟಿಸಿದಳಂತೆ. ಒರಟು ಖಣ ಇದ್ದರೆ ಹತ್ತು, ರೇಷ್ಮೆ ಇದ್ದರೆ ಐವತ್ತು, ಜರಿಯ ಅಂಚಿದ್ದರೆ ನೂರು. ಅಪ್ಪ ಬೆರಳಲ್ಲೇ ಎಣಿಸಲಿ ಎಂದು. "ಜೇಬಿನ್ಯಾಗ ಕೈ ಇಟ್ಕೊಂಡು ಕೂಡ್ತಾನಲ್ಲ, ಅದ್ರಾಗೂ ಒಂದು ಬಿಲ್ಲೆ ಐತೆ. ದಿನಾ ಸವರ್ತಾನೆ. ನಿಮಗೆ ಹೇಳಿದ್ರೆ ನಗ್ತೀರಿ ಅಂತ ಹೇಳಿರ್ಲಿಲ್ಲ," ಎಂದಳು. ಕಣ್ಣು ಒರೆಸಿಕೊಳ್ಳಲು ಹಗ್ಗದ ಮೇಲಿನ ಸೀರೆ ಎಳೆದಳು. ಅದಕ್ಕೆ ಅಂಟು ಮೆತ್ತಿತ್ತು.

ನಾನು ಸ್ಕೂಟರ್ ಹತ್ತಿದೆ. ನಮ್ಮ ಕಡೆಯ ಗಾಡಿಗಳೆಲ್ಲ ಸೇರಿ ದೊಡ್ಡ ಲಾರಿಗೆ ಕಸ ತುಂಬುವ ಜಾಗದಲ್ಲಿ ನಮ್ಮ ಗಾಡಿ ಸಿಕ್ಕಿತು. ಆ ಗಾಡಿಗೆ ಕಸ ತುಂಬಿಸಿಕೊಳ್ಳುವ ಉಡಚಮ್ಮ ನನ್ನ ಕಥೆಯೆಲ್ಲ ಕೇಳಿ, ಒಣ ಕಸವೋ ಹಸಿ ಕಸವೋ ಎಂದಳು. ನಾನು ತಲೆ ತಗ್ಗಿಸಿದೆ. "ಬ್ಯಾರೆ ಬ್ಯಾರೆ ಮಾಡಿ ಕೊಡ್ರಿ ಅಂತ ದಿನಾ ಬಡ್ಕೊಂತೀನಿ. ಇವತ್ತು ನೀವೇ ಮಾಡ್ರಿ," ಎಂದು ಒಂದು ಕೈಗವಸು ಕೊಟ್ಟಳು. ಒಂದೇ ಒಂದು.

ಇಡೀ ಬೀದಿಯ ಸೊಪ್ಪಿನ ಕಡ್ಡಿ, ಚಹಾಪುಡಿ, ಅನ್ನದಲ್ಲಿ ನಾನು ಅತ್ತೆಯನ್ನು ಹುಡುಕಿದೆ. ನಮ್ಮ ಅಂಗಡಿಯ ಹಳೆಯ ಗಿರಾಕಿಯೊಬ್ಬರು ಬೈಕು ನಿಲ್ಲಿಸಿ, ಏನು ಸಾವ್ಕಾರ್ರೇ, ವ್ಯಾಪಾರ ಅಷ್ಟು ಡಲ್ಲೇ ಎಂದು ವಿಚಾರಿಸಿ ಹೋದರು. ಹುಣಸೆ ಹುಳಿಗೆ ಚಿಂದಿಯ ಕೊಳೆ ಬಿಟ್ಟು ಅಲ್ಲಲ್ಲಿ ಬಣ್ಣ ಇಣುಕುತ್ತಿತ್ತು. ಹಸಿರು, ಕೆಂಪು, ಗಿಣಿಮೂತಿಯ ಅಂಚು. ಒಂದನ್ನು ಒರೆಸಿ ನೋಡಿದೆ. ನಮ್ಮ ಅಂಗಡಿಯದೇ! ಮದುವೆಯಲ್ಲಿ ಅತ್ತೆಗೆ ನಾನೇ ಆರಿಸಿ ಕೊಟ್ಟ ಜರಿಯಂಚಿನ ಖಣ. ಇಷ್ಟು ವರ್ಷ ರಮ್ಮಿಯಲ್ಲಿ ಅದನ್ನೇ ಸೋತು, ಅದನ್ನೇ ಗೆದ್ದು, ಗುರುತು ಹಿಡಿದಿರಲಿಲ್ಲ. ಕಸದ ಮುಂದೆ ಕೂತು ಅತ್ತದ್ದು ದಾವಣಗೆರೆಯ ವ್ಯಾಪಾರಸ್ಥರಲ್ಲಿ ಬಹುಶಃ ನಾನೊಬ್ಬನೇ.

ಬಹುಪಾಲು ಸಿಕ್ಕವು, ಕೆಲವು ಸಿಗಲಿಲ್ಲ. ಆನೆಗಳನ್ನು ಕಿತ್ತು, ಸಿಕ್ಕ ಚೂರುಗಳನ್ನು ಶಾಂಪೂ ಹಾಕಿ ತೊಳೆದು ಒಣಗಿಸಿ ಅಂಟಿಸಿದೆವು. ಕೊರತೆ ಬಿದ್ದ ಕಡೆಗೆ ಅಂಗಡಿಯಿಂದ ಅಪ್ಪಟ ಗುಳೇದಗುಡ್ಡದ ಹೊಸ ಖಣ ತಂದು ಕತ್ತರಿಸಿ, ಚಹಾದಲ್ಲಿ ಅದ್ದಿ, ಎಣ್ಣೆ ತಿಕ್ಕಿ ವಯಸ್ಸು ಬರಿಸಿದೆ. ಉಮಾ ಬೇಡವೆಂದಳು. ಕಣ್ಣಿದ್ದವರಿಗೇ ತಿಳಿಯದು, ಇನ್ನು ಮಾವನಿಗೆ ಹೇಗೆ ತಿಳಿದೀತು ಎಂದೆ. ಕುಲಕಸುಬಿನ ಮೇಲೆ ಅಷ್ಟು ಭರವಸೆ ನನಗೆ.

ಭಾನುವಾರ ದಾರಿಯ ಬಾತಿ ದಾಟಿ ಹರಿಹರ ಮುಟ್ಟುವವರೆಗೂ ಉಮಾ ಸ್ಕೂಟರಿನ ಹಿಂದೆ ಪೆಟ್ಟಿಗೆಯನ್ನು ಮಗುವಿನಂತೆ ತಬ್ಬಿ ಕೂತಿದ್ದಳು. ಹರಿಹರದಲ್ಲಿ ಊಟವಾಯಿತು. ಮಾವ ಪೆಟ್ಟಿಗೆ ತೆರೆದು ಮೇಲಿನ ಬಿಲ್ಲೆ ಎತ್ತಿದರು, ಸವರಿದರು, ಮೂಗಿನ ಹತ್ತಿರ ಒಯ್ದರು.

"ಶಾಂಪೂ ವಾಸ್ನಿ ಬರ್ತೈತೆ," ಎಂದರು.

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಚಹಾದ ಸಂಗತಿ ಒಂದನ್ನು ಬಿಟ್ಟು. ಮಾವ ಬೈಯಲಿಲ್ಲ. ಜೇಬಿನಿಂದ ತಮ್ಮ ಬಿಲ್ಲೆಯನ್ನು ತೆಗೆದು ಮುಂದಿಟ್ಟುಕೊಂಡು, ನಮ್ಮ ಬಿಲ್ಲೆಗಳನ್ನು ಒಂದೊಂದಾಗಿ ಸವರಿ ಬೇರೆಬೇರೆ ಗುಡ್ಡೆ ಹಾಕತೊಡಗಿದರು. ಇದು ಉಕ್ಕಡಗಾತ್ರಿ ಜಾತ್ರೆಗೆ ಹೋದಾಗ ತೊಟ್ಟಿದ್ದು, ಹತ್ತು. ಇದು ಉಮಾನ ನಿಶ್ಚಿತಾರ್ಥದ್ದು, ಐವತ್ತು. ಇದು ಅಳಿಯಂದ್ರು ಕೊಟ್ಟಿದ್ದು, ಅವಳಿಗೆ ತೋಳು ಬಿಗಿ ಆಗ್ತಿತ್ತು, ಆದ್ರೂ ಬಿಡ್ತಿರ್ಲಿಲ್ಲ, ನೂರು. ಉಮಾ ಅವರ ಪಕ್ಕ ಸರಿದು ಕೂತಳು. ನಾನು ಬಟ್ಟೆ ಮಾರಿದವನು. ಅವರು ಒಬ್ಬಳ ಬಟ್ಟೆ ನೋಡುತ್ತಾ ಬಾಳಿದವರು.

ಒಂದು ಬಿಲ್ಲೆಯ ಮೇಲೆ ಬೆರಳು ನಿಂತಿತು.

"ಇದು ಯಾರದು?"

"ಅತ್ತೆಯವರದೇ ಮಾವ. ಗುಳೇದಗುಡ್ಡದ್ದು."

"ಅವಳು ಪಾಲಿಸ್ಟರ್ ತೊಟ್ಟೋಳಲ್ರಿ."

ಪಾಲಿಸ್ಟರ್! ನಮ್ಮ ಅಂಗಡಿಯ ಅಪ್ಪಟ ಗುಳೇದಗುಡ್ಡ! ಕಸಿದುಕೊಂಡು ಸವರಿದೆ, ಬೆಳಕಿಗೆ ಹಿಡಿದೆ. ಸೂರತ್ತಿನದೇ. ಹೋದ ದೀಪಾವಳಿಯಿಂದ ಚೌಕಿಪೇಟೆಯಲ್ಲಿ ನಿಂತು ಇದನ್ನೇ ಗುಳೇದಗುಡ್ಡದ್ದೆಂದು ಆಣೆ ಮಾಡಿ ಮಾರಿದ್ದೆ. ಉಮಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ವರ್ಷದಿಂದ ಆ ಮನೆಯಲ್ಲಿ ಕೇಳದ ಸದ್ದೊಂದು ಹೊರಬಂತು. ಮಾವ ನಗುತ್ತಿದ್ದರು.

ಹೊಸ ಖಣದ ಬಿಲ್ಲೆಗಳನ್ನೆಲ್ಲ ಆರಿಸಿ ಅವರು ನನ್ನ ಮುಂದೆ ಸರಿಸಿದರು. "ಇವಕ್ಕೆ ಬೆಲೆ ಸೊನ್ನೆ. ಇವು ನಿಮ್ಮವು. ಎಲೆ ಹಾಕ್ರಿ."

ಎಲೆ ಹಾಕಿದೆ. ಆಟದ ಉದ್ದಕ್ಕೂ ನನ್ನ ಸೊನ್ನೆಗಳನ್ನು ಯಾರೂ ಗೆಲ್ಲಲೂ ಒಪ್ಪಲಿಲ್ಲ. ಮಾವ ಸೋಲುವ ಹೊತ್ತಿಗೆ ಅವರ ಪಂಚೆಯಡಿ ಒಂದು ಜರಿಯಂಚಿನ ಬಿಲ್ಲೆ ಮರಿ ಹಾಕಿತು. ನಾನೂ ಉಮಾಳೂ ಮುಖ ನೋಡಿಕೊಂಡು ಸುಮ್ಮನಾದೆವು.

ಉಮಾ ಎದ್ದು ಹೋಗಿ ಬಾಣಲೆ ಇಟ್ಟಳು. ಮೊದಲ ಮಿರ್ಚಿ ಮಾವನ ತಟ್ಟೆಗೆ ಬಂತು. ಅವರು ಅದನ್ನು ಮಂಡಕ್ಕಿಯ ಮೇಲಿಟ್ಟರು. ಆ ಪಡಸಾಲೆಯಲ್ಲಿ ಆ ಮಿರ್ಚಿ ಯಾವ ಕಡೆ ಸರಿಯುತ್ತಿತ್ತೆಂದು ಮೂವರಿಗೂ ಗೊತ್ತಿತ್ತು. ನಾನು ಆಸೆಯಿಂದ ತಟ್ಟೆ ಮುಂದೆ ಮಾಡಿದೆ.

ಮಾವ ಮಿರ್ಚಿಯನ್ನು ಎತ್ತಿ, ಊದಿ, ನಿಧಾನವಾಗಿ ಪೂರ್ತಿ ತಿಂದರು. ಉಳಿದ ತೊಟ್ಟನ್ನು ನನ್ನ ತಟ್ಟೆಯಲ್ಲಿಟ್ಟರು.

"ಸೊನ್ನೆಗೆ ಇಷ್ಟೇ," ಎಂದರು. "ಬರೋ ಐತಾರ ಸರಿಯಾಗಿ ಆಡ್ರಿ."

ಬರುವ ಐತಾರ! ತೊಟ್ಟಿಗೆ ಒಂದಿಷ್ಟು ಹಿಟ್ಟು ಅಂಟಿಕೊಂಡಿತ್ತು. ಅದನ್ನೇ ಚೀಪುತ್ತಾ ಕೂತೆ.