ನಮ್ಮತ್ತೆಯ ಮಂಡಿನೋವಿನ ವಿಚಾರವಾಗಿ ಮಾನ್ಯ ಕರಡು ಮಸೂದೆಯವರಿಗೆ

ಗೆ,
ಶ್ರೀಯುತ ಖಾಸಗಿ ಶಾಲಾ ಶಿಕ್ಷಕರ ಕನಿಷ್ಠ ವೇತನ ಹಾಗೂ ಸೇವಾ ಷರತ್ತುಗಳ ಕರಡು ಮಸೂದೆಯವರು,
ಯಾವುದೋ ಒಂದು ಸಮಿತಿಯ ಯಾವುದೋ ಒಂದು ಕಪಾಟು,
ಬೆಂಗಳೂರು.

ಮಾನ್ಯರೇ,

ತಾವು ಪವಡಿಸಿರುವ ಕಪಾಟಿನಲ್ಲಿ ಗೆದ್ದಲು, ಜಿರಳೆಗಳ ಕಾಟವಿಲ್ಲದೆ, ನಾಲ್ಕು ಮೂಲೆಯೂ ಮಡಚದೆ, ಸುಖವಾಗಿ ಇದ್ದೀರೆಂದು ನಂಬಿಕೊಂಡು, ಚನ್ನಗಿರಿ ತಾಲ್ಲೂಕು ತ್ಯಾವಣಿಗೆಯ ವಾಸಿಯೂ, ಇಲ್ಲೇ ಹತ್ತಿರದ ಒಂದು ಖಾಸಗಿ ಶಾಲೆಗೆ ಹದಿನಾಲ್ಕು ವರ್ಷಗಳಿಂದ ಪ್ರತಿ ವರ್ಷ ಹೊಸದಾಗಿ ಸೇರುತ್ತಿರುವ ಕನ್ನಡ ಶಿಕ್ಷಕಿಯೂ ಆದ ಶಿವಲೀಲಾ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು. ಶಾಲೆಯ ಹೆಸರನ್ನು ಬರೆಯುವುದಿಲ್ಲ, ಕ್ಷಮಿಸಬೇಕು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಮಕ್ಕಳಿಗೆ ಕಲಿಸುವವಳು ನಾನು. ನಾನು ಎಣಿಸಿದ್ದು ರಾಜೀನಾಮೆಗಳನ್ನು ಮಾತ್ರ, ಅದೂ ಎಣಿಸಿಕೊಡು ಎಂದು ಅವರೇ ಹೇಳಿದ್ದಕ್ಕೆ.

ತಮಗೆ ನಮ್ಮ ಪದ್ಧತಿ ಗೊತ್ತಿರಲಾರದು. ಪ್ರತಿ ವರ್ಷ ಏಪ್ರಿಲ್ ಹತ್ತರಂದು ಮಕ್ಕಳಿಗೆ ಫಲಿತಾಂಶ ಓದಿ ಹೇಳಿ, ಬೆಂಚುಗಳನ್ನು ಗೋಡೆಗೆ ಒತ್ತರಿಸಿದ ಮೇಲೆ, ನಾವು ಏಳು ಮಂದಿ ಶಿಕ್ಷಕರು ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಒಂದೇ ಟೇಬಲ್ಲಿನ ಸುತ್ತ ಕೂತು, ಒಂದೇ ಗಂಟೆಯಲ್ಲಿ ರಾಜೀನಾಮೆ ಬರೆದು ಕೊಡುತ್ತೇವೆ. ನಮ್ಮ ಕಾರ್ಯದರ್ಶಿಗಳಾದ ಜಯದೇವಪ್ಪನವರು ದೊಡ್ಡ ಮನಸ್ಸಿನವರು. ಒಬ್ಬೊಬ್ಬರಿಗೂ ಒಂದು ತೆಂಗಿನಕಾಯಿ, ಹೆಂಗಸರಿಗೆ ಮೇಲೊಂದು ಬ್ಲೌಸ್ ಪೀಸು ಕೊಟ್ಟು, "ಜೂನ್ ಒಂದಕ್ಕೆ ಮರೀದಂಗೆ ಬರ್ರಿ" ಎಂದು ಬಾಗಿಲವರೆಗೆ ಬಂದು ಕಳಿಸುತ್ತಾರೆ. ಜೂನ್ ಒಂದಕ್ಕೆ ಹೋದರೆ ಸಂದರ್ಶನ. ಜಯದೇವಪ್ಪನವರ ಮಗಳಿಗೇ ಅಕ್ಷರ ತಿದ್ದಿಸಿದ ನನ್ನನ್ನು ಅವರೇ ಕುರ್ಚಿ ಕೊಟ್ಟು ಕೂರಿಸಿ, "ನಿಮ್ಮ ಪರಿಚಯ ಹೇಳ್ರಿ" ಎನ್ನುತ್ತಾರೆ. ಪೂರ್ವಾನುಭವ ಎಂಬ ಕಡೆ ನಾನು 'ಇಲ್ಲ' ಎಂದು ಬರೆಯುತ್ತೇನೆ. ಇದೆ ಎಂದು ಬರೆದರೆ ಅನುಭವಕ್ಕೆ ತಕ್ಕ ಸಂಬಳ ಕೊಡಬೇಕಾಗುತ್ತದಂತೆ, ಪಾಪ.

ನಡುವಿನ ಬೇಸಿಗೆಯಲ್ಲಿ ನಾವು ಆ ಶಾಲೆಗೆ ಏನೂ ಅಲ್ಲ. ಏನೂ ಅಲ್ಲದ ನಾವು ತಲೆಗೆ ಐದರಂತೆ ಹೊಸ ಮಕ್ಕಳನ್ನು ಹುಡುಕಿ ಸೇರಿಸಬೇಕೆಂಬುದು ಮಾತ್ರ ಷರತ್ತು. ಹೋದ ವರ್ಷ ಮೇ ತಿಂಗಳ ಬಿಸಿಲಿನಲ್ಲಿ ಕೆರೆಬಿಳಚಿ ಮುಗಿಸಿ ಉಬ್ರಾಣಿಗೆ ಹೋಗಿ, ಮೂಕಮ್ಮ ಎಂಬ ತಾಯಿಯ ಮುಂದೆ ನಮ್ಮ ಶಾಲೆಯ ಗುಣಗಾನ ಮಾಡುತ್ತಿದ್ದಾಗ, ಆಕೆ ಮಜ್ಜಿಗೆಯ ಚೊಂಬು ಕೈಗಿಟ್ಟು, "ಏನ್ ಟೀಚರಮ್ಮ, ನಿಮ್ಮನ್ನೇ ಬಿಡಿಸ್ಯಾರಂತೆ, ನಮ್ಮ ಹುಡುಗೀನ ಸೇರ್ಸಾಕೆ ಬಂದೀರಲ್ಲ?" ಎಂದು ಕೇಳಿದರು. ನಾನು ಮಜ್ಜಿಗೆ ಚೆನ್ನಾಗಿದೆ ಎಂದೆ.

ಇನ್ನು ಮಂಡಿಯ ವಿಚಾರ. ನಾನು ಸೇರಿದ ಮೊದಲ ವರ್ಷ ನಮ್ಮ ಗುಮಾಸ್ತರಾದ ಷಣ್ಮುಖಪ್ಪನವರು, "ಮೇಡಂ, ನಿಮ್ಮ ಅಕ್ಷರ ದುಂಡುಗೈತೆ, ಎಲ್ಲರಿಗೂ ಒಂದು ಮಾದರಿ ಬರ್ದು ಕೊಡ್ರಿ, ಕಾರಣ ಮಾತ್ರ ಸ್ಪಷ್ಟ ಇರ್ಬೇಕು" ಎಂದರು. ಕಾರಣ ಎಲ್ಲಿಂದ ತರಲಿ? ಅವತ್ತು ಬೆಳಿಗ್ಗೆ ನಮ್ಮತ್ತೆ ಪ್ರೇಮಮ್ಮನವರು ಮೆಟ್ಟಿಲು ಇಳಿಯುವಾಗ ಒಮ್ಮೆ 'ಅಯ್ಯೋ' ಎಂದಿದ್ದು ನೆನಪಾಗಿ, 'ನಮ್ಮ ಅತ್ತೆಯವರ ತೀವ್ರ ಮಂಡಿನೋವಿನ ಕಾರಣ ಸೇವೆಯಲ್ಲಿ ಮುಂದುವರಿಯಲು ಆಗದೆ' ಎಂದು ಬರೆದೆ. ಹದಿಮೂರು ವರ್ಷಗಳಿಂದ ಆ ವಾಕ್ಯ ಬದಲಾಗಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಶಾಲೆಯ ಏಳೂ ಶಿಕ್ಷಕರ ಅತ್ತೆಯಂದಿರಿಗೆ ಒಂದೇ ದಿನ ಮಂಡಿ ಹಿಡಿದುಕೊಳ್ಳುತ್ತದೆ, ಜೂನ್ ಒಂದಕ್ಕೆ ಒಂದೇ ದಿನ ಬಿಡುತ್ತದೆ. ನಮ್ಮತ್ತೆಯಾದರೋ ಈಗಲೂ ಎರಡು ಕೊಡ ನೀರು ಹೊತ್ತು ಮಾಳಿಗೆ ಹತ್ತುತ್ತಾರೆ.

ಮಾನ್ಯರೇ, ತಮ್ಮ ಹೆಸರು ನನ್ನ ಕಿವಿಗೆ ಬಿದ್ದದ್ದು ಕಳೆದ ಜನವರಿಯಲ್ಲಿ. ಹೊನ್ನಾಳಿಯ ಒಂದು ಕಲ್ಯಾಣ ಮಂಟಪದಲ್ಲಿ ಖಾಸಗಿ ಶಾಲೆಗಳ ಶಿಕ್ಷಕರ ಸಭೆ ಕರೆದಿದ್ದರು. ನ್ಯಾಮತಿ, ಜಗಳೂರು ಕಡೆಯಿಂದಲೂ ಬಂದಿದ್ದರು. ವಕೀಲರೊಬ್ಬರು ತಮ್ಮನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದರು. ಕನಿಷ್ಠ ವೇತನ ಬ್ಯಾಂಕಿಗೇ ಜಮೆಯಾಗಬೇಕು ಎಂದಾಗ ಚಪ್ಪಾಳೆ ಬಿತ್ತು. ಬಾಣಂತಿಗೆ ರಜೆ ಎಂದಾಗ ನನ್ನ ಪಕ್ಕ ಕೂತಿದ್ದ ನಮ್ಮ ಗಣಿತದ ಉಷಾರಾಣಿ ಕಣ್ಣೊರೆಸಿಕೊಂಡಳು. ಅವಳು ಎರಡು ವರ್ಷದ ಹಿಂದೆ ನ್ಯಾಮತಿಯ ತವರಿಗೆ ಹೆರಿಗೆಗೆ ಹೋದಾಗ ಅತ್ತೆಯ ಮಂಡಿನೋವನ್ನು ಏಪ್ರಿಲ್‌ನಿಂದ ನವೆಂಬರಿನವರೆಗೆ, ಸಂಬಳವಿಲ್ಲದೆ, ಎಳೆದುಕೊಂಡು ಹೋಗಿದ್ದಳು. ಕೊನೆಗೆ ವಕೀಲರು, ಐದು ವರ್ಷ ಸತತವಾಗಿ ಸೇವೆ ಸಲ್ಲಿಸಿದವರನ್ನು ಕಾಯಂ ಮಾಡತಕ್ಕದ್ದು ಎಂಬ ಕಲಮು ಓದಿದರು. ಎಲ್ಲರೂ ಎದ್ದು ನಿಂತರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ನಾವು ಮೈಸೂರು ಪಾಕನ್ನೂ ಹಂಚಿಬಿಟ್ಟೆವು. 'ಸತತ' ಎಂಬುದು ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಬಸ್ಸು ಹತ್ತಿದ ಮೇಲೆ. ಹದಿನಾಲ್ಕು ವರ್ಷ ದುಡಿದವಳು ನಾನು, ಆದರೆ ಕಾಗದದ ಮೇಲೆ ನನ್ನ ಸೇವೆ ಯಾವತ್ತೂ ಹತ್ತು ತಿಂಗಳು ಹತ್ತು ದಿನ ದಾಟಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಫೆಬ್ರವರಿಯಲ್ಲಿ ಶಾಲೆಯ ಮಾನ್ಯತೆ ನವೀಕರಣಕ್ಕೆ ಕಡತಗಳನ್ನು ಸಿದ್ಧ ಮಾಡಬೇಕಾಗಿ ಬಂದು, ರಾಜೀನಾಮೆಗಳ ಫೈಲನ್ನು ವರ್ಷವಾರು ಜೋಡಿಸಿ ಎಣಿಸಿಕೊಡುವ ಕೆಲಸವನ್ನು ಷಣ್ಮುಖಪ್ಪನವರು ದುಂಡಕ್ಷರದ ನನಗೇ ಒಪ್ಪಿಸಿದರು. ಎಣಿಸಿದೆ. ನನ್ನ ಹೆಸರಿನಲ್ಲಿ ಹದಿಮೂರು ಇರಬೇಕಾದಲ್ಲಿ ಹತ್ತೊಂಬತ್ತು ಇದ್ದವು. ಮತ್ತೆ ಎಣಿಸಿದೆ, ಹತ್ತೊಂಬತ್ತೇ. ಕಳೆದ ಆರು ವರ್ಷಗಳಲ್ಲಿ ನಾನು ವರ್ಷಕ್ಕೆ ಎರಡೆರಡು ಬಾರಿ ರಾಜೀನಾಮೆ ಕೊಟ್ಟಿದ್ದೆ. ಎರಡನೆಯದರ ಅಕ್ಷರ ನನ್ನದಲ್ಲ, ಓಡುವ ಕೋಳಿಯ ಹೆಜ್ಜೆಯಂಥದ್ದು. ಅದನ್ನು ನೋಡುತ್ತಲೇ ಗುರುತು ಹತ್ತಿತು. ಅದು ನಮ್ಮ ದೈಹಿಕ ಶಿಕ್ಷಕ, ಜಗಳೂರಿನ ತಿಮ್ಮೇಶ್ ಅವರ ಕೈಬರಹ.

ಅವರನ್ನು ಕರೆದು ಕೇಳಿದೆ. ಅವರು ಸೇರಿದ ವರ್ಷ ಷಣ್ಮುಖಪ್ಪನವರು, "ಮೇಡಂ ಬರ್ದಿರೋದನ್ನ ನೋಡಿ ಬರೀರಿ, ಒಂದಕ್ಷರಾನೂ ಬದ್ಲಾಯಿಸ್ಬ್ಯಾಡ್ರಿ" ಎಂದಿದ್ದರಂತೆ. ತಿಮ್ಮೇಶ್ ಶಿಸ್ತಿನ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು. 'ಕನ್ನಡ ಶಿಕ್ಷಕಿಯಾದ ನಾನು' ಎಂದು ಶುರು ಮಾಡಿ, ಮದುವೆಯೇ ಆಗದ ಅವರು ಅತ್ತೆಯ ಮಂಡಿಗೆ ಮರುಗಿ, ಕೊನೆಗೆ 'ಶಿವಲೀಲಾ' ಎಂದೇ ಸಹಿ ಹಾಕಿ ಕೊಟ್ಟಿದ್ದಾರೆ. ಮರುವರ್ಷದಿಂದ ಅದರದೇ ಒಂದು ಪ್ರತಿಯನ್ನು ಸೀಟಿಯ ಜೊತೆ ಚೀಲದಲ್ಲಿಟ್ಟುಕೊಂಡು ಅದನ್ನೇ ನೋಡಿ ಬರೆಯುತ್ತ ಬಂದಿದ್ದಾರೆ. ಷಣ್ಮುಖಪ್ಪನವರು ಹಾಳೆಗಳನ್ನು ಎಣಿಸುತ್ತಾರೆ, ತೂತು ಹೊಡೆಯುತ್ತಾರೆ, ದಾರ ಪೋಣಿಸುತ್ತಾರೆ. ಓದುವ ಕೆಟ್ಟ ಚಾಳಿ ಅವರಿಗಿಲ್ಲ.

ಆದ್ದರಿಂದ ಮಾನ್ಯರೇ, ತಾವು ನಾಳೆಯೇ ಕಾಯ್ದೆಯಾಗಿ ನಮ್ಮ ಶಾಲೆಯ ಹೊಸ್ತಿಲು ತುಳಿದರೆ, ಸತತ ಸೇವೆ ಸಲ್ಲಿಸಿದವರು ಒಬ್ಬರೇ ಸಿಗುತ್ತಾರೆ. ಅವರು ಒಮ್ಮೆಯೂ ರಾಜೀನಾಮೆ ಕೊಡದ ತಿಮ್ಮೇಶ್ ಮಾಸ್ತರು. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರಿಯಿತು. ಅವರ ಪಾಲಿನದನ್ನೂ ಸೇರಿಸಿ ನಾನು ಕೆಲಸ ಬಿಟ್ಟಿದ್ದೇನಲ್ಲ ಎಂದು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೇ ದಿನ ಅವರೇ ಬಂದು, "ಮೇಡಂ, ನಂಗೆ ಈ ವಿಷ್ಯ ತಿಳೀತಿರ್ಲಿಲ್ಲ ರೀ, ನನ್ನ ಆರು ವರ್ಷ ನಿಮಗೇ ಬರ್ದು ಕೊಡಾಕೆ ಬರ್ತೈತಾ ನೋಡ್ರಿ" ಎಂದು ನಿಂತರು. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು. ಹಾಗೆ ಬರೆದುಕೊಡಲು ತಮ್ಮಲ್ಲಿ ಕಲಮು ಇದ್ದರೆ ದಯವಿಟ್ಟು ತಿಳಿಸಬೇಕು.

ವಿಷಯ ಮನೆಯಲ್ಲೂ ಬಯಲಾಯಿತು. ನಮ್ಮತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಕೈಯಲ್ಲಿದ್ದ ಮೊರವನ್ನು ಪಕ್ಕಕ್ಕಿಟ್ಟು, "ಅಲ್ಲಾ ಕಣೇ, ನಿಮ್ಮ ಇಸ್ಕೂಲು ಹದಿಮೂರು ವರ್ಷದಿಂದ ನನ್ನ ಮಂಡಿ ಮ್ಯಾಲೆ ನಿಂತೈತೇನೆ?" ಎಂದು ಕೇಳಿದರು. ಆಮೇಲೆ ಇನ್ನೊಂದು ಮಾತು ಕೇಳಿದರು. "ನಾನೇ ಹುಷಾರಾಗಿದೀನಿ ಅಂತ ಬರ್ದು ಕೊಟ್ರೆ ನಿನ್ನ ವರ್ಷಗಳು ವಾಪಸ್ ಬರ್ತಾವಾ?" ನಾನು ಒಳಗೆ ಹೋಗಿ ಯಾರಿಗೂ ಕೇಳಿಸದ ಹಾಗೆ ಅತ್ತುಬಿಟ್ಟೆ.

ತಮ್ಮನ್ನು ದೂರುವ ಉದ್ದೇಶ ನನಗೆ ಖಂಡಿತ ಇಲ್ಲ. ಯೋಚಿಸಿ ನೋಡಿದರೆ ತಾವೂ ನಮ್ಮ ಪೈಕಿಯೇ. ಪ್ರತಿ ಅಧಿವೇಶನಕ್ಕೂ ತಾವು ಹೊಸಬರ ಹಾಗೆ ಬರುತ್ತೀರಂತೆ. ತಮ್ಮ ಪರಿಚಯ ಕೇಳುತ್ತಾರಂತೆ, ಚರ್ಚೆಗೆ ಸಮಯ ಸಾಲದೆ ತಮ್ಮನ್ನು ಗೌರವದಿಂದ ಕಳಿಸಿಕೊಡುತ್ತಾರಂತೆ, ಮುಂದಿನ ಅಧಿವೇಶನಕ್ಕೆ ಮರೀದಂಗೆ ಬರ್ರಿ ಎನ್ನುತ್ತಾರಂತೆ. ತಮಗೆ ಬ್ಲೌಸ್ ಪೀಸು ಕೊಡುತ್ತಾರೋ ಇಲ್ಲವೋ ತಿಳಿಯದು. ತಮ್ಮ ನಿರ್ಗಮನಕ್ಕೆ ಯಾರ ಅತ್ತೆಯ ಮಂಡಿ ಕಾರಣವೆಂದು ಅಲ್ಲಿ ಬರೆದುಕೊಳ್ಳುತ್ತಾರೆ ಎಂಬ ಕುತೂಹಲವಂತೂ ಇದೆ. ಈ ಲೆಕ್ಕದಲ್ಲಿ ತಮ್ಮ ಸೇವೆಯೂ ಸತತವಲ್ಲ. ತಮ್ಮನ್ನು ಮೊದಲು ಯಾರಾದರೂ ಕಾಯಂ ಮಾಡಿದರೆ ತಾನೇ ತಾವು ನಮ್ಮನ್ನು ಮಾಡುವುದು?

ಆದರೂ ಕೇಳುವುದು ನನ್ನ ಧರ್ಮ. ತಾವು ಪೂರ್ತಿ ಬರಲು ಆಗದಿದ್ದರೆ ಆ ಸತತದ ಕಲಮನ್ನೊಂದನ್ನೇ ಹರಿದು, ದಾವಣಗೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಬೇಕು. ಅದೂ ಆಗದಿದ್ದರೆ, ನಮ್ಮ ರಾಜ್ಯದಲ್ಲಿ ಏಪ್ರಿಲ್ ಮತ್ತು ಮೇ ಎಂಬ ತಿಂಗಳುಗಳೇ ಇಲ್ಲವೆಂದು ಒಂದು ತಿದ್ದುಪಡಿ ತಂದು ನಮ್ಮನ್ನು ಮಾರ್ಚಿನಿಂದ ನೇರವಾಗಿ ಜೂನಿಗೆ ದಾಟಿಸಬೇಕು. ಖುದ್ದಾಗಿ ದಯಮಾಡಿಸುವಿರಾದರೆ ನಮ್ಮ ಸ್ಟಾಫ್ ರೂಮು ಮೆಟ್ಟಿಲ ಕೆಳಗಿದೆ, ತಲೆ ತಗ್ಗಿಸಿ ಬರಬೇಕು, ನಾವೆಲ್ಲ ಹಾಗೇ ಬರುವುದು. ಜಯದೇವಪ್ಪನವರ ಬಗ್ಗೆ ಹೆದರಿಕೆ ಬೇಡ. ನೇಮಕಾತಿ ಆದೇಶ ಕೊಡಿ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ನೀವು ಮನೆ ಮಗಳಿದ್ದಂಗೆ, ಮನೆ ಮಗಳಿಗೆ ಯಾರಾದ್ರೂ ಆರ್ಡರ್ ಕೊಡ್ತಾರೇನ್ರಿ?" ಎಂದು ಪ್ರೀತಿಯಿಂದ ಗದರಿದವರು ಅವರು. ಮನೆ ಮಗಳ ಹತ್ತಿರ ಯಾರಾದರೂ ವರ್ಷಾ ವರ್ಷಾ ರಾಜೀನಾಮೆ ಬರೆಸಿಕೊಳ್ಳುತ್ತಾರೇನ್ರೀ ಎಂದು ಕೇಳಬೇಕೆಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಈ ಪತ್ರ ಬಹಿರಂಗವಾದರೂ ಚಿಂತೆಯಿಲ್ಲ, ಅವರು ಪತ್ರಿಕೆಯಲ್ಲಿ ಅಡಿಕೆ ಧಾರಣೆಯ ಮೂಲೆಯನ್ನು ಬಿಟ್ಟು ಬೇರೇನನ್ನೂ ಓದುವುದಿಲ್ಲ.

ಇವತ್ತು ಏಪ್ರಿಲ್ ಎಂಟು. ನಾಡಿದ್ದಿಗೆ ಮಾದರಿ ಬೇಕೆಂದು ಷಣ್ಮುಖಪ್ಪನವರು ಆಗಲೇ ಬಿಳಿ ಹಾಳೆಗಳನ್ನು ಕೊಟ್ಟು ಹೋಗಿದ್ದಾರೆ. ಎಂದಿನಂತೆ 'ಮಾನ್ಯರೇ' ಎಂದು ಬರೆದೆ. ಮುಂದಿನ ಸಾಲು ಹದಿಮೂರು ವರ್ಷದಿಂದ ಬಾಯಿಪಾಠ, ಆದರೂ ಕೈ ಓಡಲಿಲ್ಲ. ಇದೊಂದನ್ನು ಕೊಟ್ಟರೆ ಮತ್ತೆ ನಾನು ಏನೂ ಅನುಭವವಿಲ್ಲದವಳು. ತಾವು ಬಂದ ದಿನ ತಮ್ಮ ಮುಂದೆ ನಿಲ್ಲಲು ನನ್ನ ಹತ್ತಿರ ಒಂದು ವರ್ಷವೂ ಇರುವುದಿಲ್ಲ. ನನಗೆ ಒಂದಾದರೂ ಮುರಿಯದ ವರ್ಷ ಬೇಕು ಮಾನ್ಯರೇ, ಬೇರೇನೂ ಬೇಡ. ಹಾಗಾಗಿ ಆ ಹಾಳೆಯ ಮೇಲೇ, ಅದೇ ದುಂಡಕ್ಷರದಲ್ಲಿ, ತಮಗೆ ಈ ಪತ್ರ ಬರೆದು ಮುಗಿಸುತ್ತಿದ್ದೇನೆ.

ಬರುವಿರೆಂದು ಇನ್ನೂ ನಂಬಿರುವ, ತಮ್ಮ ವಿಶ್ವಾಸಿ,
ಶಿವಲೀಲಾ
ಕನ್ನಡ ಶಿಕ್ಷಕಿ (ಅನುಭವ: ಹದಿನಾಲ್ಕು ವರ್ಷ)

ತಾ.ಕ.: ಏಪ್ರಿಲ್ ಹತ್ತು, ಸಂಜೆ. ಮಾದರಿ ಎಲ್ಲಿ ಎಂದು ಕೇಳಿದವರಿಗೆ ಈ ಪತ್ರವನ್ನೇ ಟೇಬಲ್ಲಿನ ಮೇಲೆ ಇಟ್ಟೆ. ಉಷಾರಾಣಿ ಮೊದಲ ಪುಟ ಓದಿ, ಬಾಗಿಲು ಹಾಕಿ ಬಂದು ಅದನ್ನೇ ನೋಡಿ ಬರೆಯತೊಡಗಿದಳು. ಉಳಿದವರೂ ತಲೆ ಎತ್ತದೆ ಬರೆದರು, ನಾನೂ ಒಂದು ಪ್ರತಿ ಬರೆದೆ. "ಈ ಸರ್ತಿ ರಾಜೀನಾಮೆ ಭಾಳ ಉದ್ದ ಆತಲ್ಲ ಮೇಡಂ" ಎಂದು ಬೆರಳು ನೆಟಿಗೆ ಮುರಿದುಕೊಳ್ಳುತ್ತಿದ್ದ ತಿಮ್ಮೇಶ್, ತಮ್ಮ ಹೆಸರು ಬರುವ ಪುಟಕ್ಕೆ ಬಂದಾಗ ಆ ಸಾಲನ್ನು ಎರಡು ಸಲ ಓದಿಕೊಂಡರು. ಒಮ್ಮೆಯೂ ರಾಜೀನಾಮೆ ಕೊಡದ ಅವರಿಗೆ ಇದನ್ನು ಬರೆಯುವ ದರ್ದೇನೂ ಇರಲಿಲ್ಲ. ಆದರೂ ಕೊನೆಯವರೆಗೆ ಬರೆದು, ಸಹಿಯ ಜಾಗದಲ್ಲಿ ಆರು ವರ್ಷಗಳಲ್ಲಿ ಮೊದಲ ಬಾರಿಗೆ ಕೋಳಿಹೆಜ್ಜೆಯಲ್ಲಿ 'ತಿಮ್ಮೇಶ್' ಎಂದು ಬರೆದರು. ಷಣ್ಮುಖಪ್ಪನವರು ಬಂದು, "ಎಲ್ಲಾ ಒಂದೇ ಥರ ಐತೆ ತಾನೆ?" ಎಂದು ಕೇಳಿ, ಒಂದಕ್ಷರವೂ ಬಿಟ್ಟಿಲ್ಲ ಎಂದು ನಾವು ಹೇಳಿದ ಮೇಲೆ, ಏಳಕ್ಕೂ ತೂತು ಹೊಡೆದು, ದಾರ ಪೋಣಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತೆಂಗಿನಕಾಯಿ ತೆಗೆದುಕೊಂಡು ಮನೆಗೆ ಬಂದೆ. ಮಂಡಿ ಹೇಗಿದೆ ಅತ್ತೆ ಎಂದು ಕೇಳಿದ್ದಕ್ಕೆ, ಈ ವರ್ಷ ಏನೂ ನೋವಿಲ್ಲ ಎಂದರು.